ಮೂರು ಮೊಳ ಎತ್ತರಕ್ಕೆ ನೀರು

ಶ್ರೀ ಮುನೇಶ್ವರಸ್ವಾಮಿ ಕಾಪಾಡಲಿ

ಚಂದಾಪುರ
೧೯–೧–೨೦೨೬, ಸೋಮವಾರ

ಚಿರಂಜೀವಿ ಲೋಕೇಶನಿಗೆ, ನಿನ್ನ ಅಮ್ಮ ತಲೆ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದ.

ಹೇಗಿದ್ದೀಯ ಮಗಾ? ಹೋದ ಸಲ ಗಾಜಿನ ಆಚೆ ನಿಂತು ಫೋನಿನಲ್ಲಿ ಮಾತಾಡುವಾಗ ಒಂದೇ ಸಮನೆ ಕುತ್ತಿಗೆ ಕೆರೆದುಕೊಳ್ಳುತ್ತಿದ್ದೆ. ಆ ಗುಳ್ಳೆಗಳು ಒಣಗಿದವಾ? ನಾನು ತಂದಿದ್ದ ಹೊಂಗೆ ಎಣ್ಣೆಯನ್ನು ಬಾಗಿಲಲ್ಲೇ ವಾಪಸ್ ಕೊಟ್ಟರು. ಎಣ್ಣೆಗಿಣ್ಣೆ ಜೈಲೊಳಗೆ ಬಿಡುವುದಿಲ್ಲವಂತೆ. ಅಲ್ಲಿನ ಡಾಕ್ಟರನ್ನು ಕೇಳಿ ಮುಲಾಮು ಇಸ್ಕೋ, ನಾಚ್ಕೋಬೇಡ. ಒದ್ದೆ ಮೈ ಮೇಲೆ ಅಂಗಿ ಹಾಕ್ಕೊಳ್ಳೋದು ನಿನಗೆ ಚಿಕ್ಕಂದಿನ ಚಾಳಿ, ಅಲ್ಲಾದರೂ ಬಿಡು. ಮುದ್ದೆ ಕೊಡ್ತಾರೆ ಅಂದೆಯಲ್ಲ, ಅದೊಂದು ಸಮಾಧಾನ. ನೈಟ್ ಶಿಫ್ಟ್ ಮಾಡಿ ಮಾಡಿ ನಿನ್ನ ನಿದ್ದೆಯೇ ಹಗಲಿಗೆ ತಿರುಗಿಕೊಂಡಿತ್ತು, ಈಗಲಾದರೂ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಾ? ಭೇಟಿಯ ಹತ್ತು ನಿಮಿಷದಲ್ಲಿ ಇದನ್ನೆಲ್ಲ ಕೇಳೋಕೆ ಆಗಲ್ಲ. ಅಕ್ಕಪಕ್ಕ ಎಲ್ಲರೂ ಕಿರುಚುತ್ತಾ ಇರುತ್ತಾರೆ, ನನಗೂ ಅಳು ಬಂದುಬಿಡುತ್ತೆ. ಅದಕ್ಕೇ ಕಾಗದ. ಏಳನೇ ಕ್ಲಾಸಿನ ಅಕ್ಷರ, ತಿದ್ದಿಕೊಂಡು ಓದು.

ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯಬೇಕು, ಮೇಷ್ಟ್ರು ಹಾಗೇ ಕಲಿಸಿದ್ದು. ನಾವೆಲ್ಲ ಅಂದರೆ ಈಗ ನಾನು, ಗೋಡೆ ಮೇಲೆ ಫೋಟೋದಲ್ಲಿ ನಿಮ್ಮಪ್ಪ, ಅವರ ಪಕ್ಕದಲ್ಲಿ ನನ್ನ ಸೊಸೆ ರಾಣಿ, ಮತ್ತೆ ನಿನ್ನ ಆರು ಮೀನು. ಹನ್ನೊಂದರಲ್ಲಿ ಐದು ಹೋದವು. ಭೇಟಿಯಲ್ಲಿ ನೀನು ಎಷ್ಟಿವೆ ಅಂತ ಕೇಳಿದಾಗ ಎಲ್ಲಾ ಚೆನ್ನಾಗಿವೆ ಅಂದಿದ್ದೆ. ಸುಳ್ಳು ಹೇಳಿದ್ದೆ, ಮನ್ನಿಸು. ರಾಣಿ ಮೂಗುತಿ ಅಂತ ಕರೀತಿದ್ದಳಲ್ಲ, ಮೂತಿ ಮೇಲೆ ಕಪ್ಪು ಚುಕ್ಕಿ ಇರೋ ಕೆಂಪು ಮೀನು, ಅದು ಇದೆ.

ಸಂಕ್ರಾಂತಿ ಬಂದು ಹೋಯಿತು. ವರ್ಷ ತುಂಬೋವರೆಗೆ ನಮಗೆ ಹಬ್ಬವಿಲ್ಲ. ಬಾಗಿಲಿಗೆ ನೀರು ಹಾಕಿ ಎರಡು ಗೆರೆ ಎಳೆದೆ, ಅಷ್ಟೇ. ಮೇಲಿನ ಮನೆ ಬಾಡಿಗೆಯ ಗೌರಿ, ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ವೈರಿಂಗ್ ಕೆಲಸಕ್ಕೆ ಹೋಗ್ತಾಳಲ್ಲ, ಅವಳು ಎಳ್ಳು ಬೆಲ್ಲದ ಪೊಟ್ಟಣ ಹಿಡಿದು ಬಾಗಿಲ ತನಕ ಬಂದಳು. ಸಾವಿನ ಮನೆಗೆ ಕೊಡಬಹುದೋ ಇಲ್ಲವೋ ತಿಳಿಯದೆ ಅಲ್ಲೇ ನಿಂತುಬಿಟ್ಟಳು. ನಾನೇ ಕೈ ಚಾಚಿದೆ. ತಿನ್ನೋಕೆ ಆಗಲಿಲ್ಲ, ಇರುವೆಗೆ ಹಾಕಿದೆ.

ಲಾಯರ್ ಸಿದ್ದರಾಜು ಅವರು ಕೇಸಿನ ವಿಷಯ ಕಾಗದದಲ್ಲಿ ಬರೀಬೇಡಿ ಅಂದಿದ್ದಾರೆ. ಒಳಗೆ ಬರೋ ಕಾಗದವನ್ನೆಲ್ಲ ಒಡೆದು ಓದಿಯೇ ಕೊಡೋದಂತೆ. ಮೀನಿನ ವಿಷಯ ಬರೆದರೆ ಯಾರೇನು ಅಂದಾರು? ಅದನ್ನೇ ಬರೀತೀನಿ. ಅವತ್ತು ಪೊಲೀಸರು ಟ್ಯಾಂಕಿನ ಕೆಳಗಿದ್ದ ಮೋಟರನ್ನು ಕಿತ್ತು ಪ್ಲಾಸ್ಟಿಕ್ ಕವರಿಗೆ ಹಾಕಿ ಅರಗು ಒತ್ತಿ ತಗೊಂಡು ಹೋದರಲ್ಲ, ಅಲ್ಲಿಂದ ಮೂರೂವರೆ ತಿಂಗಳು ನಾನೇ ಮೋಟರು. ನೀನು ಮಾಡಿದ ಏರ್ಪಾಟು ನನಗೆ ನೋಡಿ ನೋಡಿ ಗೊತ್ತು. ಮೇಲಿನ ಟ್ಯಾಂಕು ತುಂಬಿದರೆ ಹೆಚ್ಚಾದ ನೀರು ಕೊಳವೆಯಲ್ಲಿ ಕೆಳಗಿನ ಸಂಪು ಅನ್ನೋ ಗಾಜಿನ ತೊಟ್ಟಿಗೆ ಇಳೀತದೆ, ಅಲ್ಲಿ ಸ್ಪಂಜಿನಲ್ಲಿ ಸೋಸಿಕೊಳ್ತದೆ, ಅದನ್ನು ಮೋಟರು ಮತ್ತೆ ಮೇಲಕ್ಕೆ ಕಳಿಸ್ತದೆ. ಮೋಟರಿನ ಬದಲು ಚೊಂಬು. ಬೆಳಿಗ್ಗೆ ಪೂಜೆ ಮುಗಿಸಿ ಐವತ್ತು ಚೊಂಬು, ಊಟ ಆದಮೇಲೆ ಐವತ್ತು, ದೀಪ ಹಚ್ಚೋ ಹೊತ್ತಿಗೆ ಐವತ್ತು. ಬಗ್ಗಿ ತುಂಬೋದು, ಎದ್ದು ಹುಯ್ಯೋದು. ಒಂದೊಂದು ಚೊಂಬಿಗೂ ಮುನೇಶ್ವರಾ ಅಂತಿದ್ದೆ. ಮೀನಿಗೆ ನೀರು ಹುಯ್ದ ಹಾಗೂ ಆಯಿತು, ಜಪ ಆದ ಹಾಗೂ ಆಯಿತು. ಕಾರ್ತಿಕದಲ್ಲಿ ಬಲ ಭುಜ ಹಿಡೀತು. ಈಗ ಸೆರಗು ಹೊದೆಯೋಕೂ ಎಡಗೈಯೇ. ನೀನು ಅದನ್ನು ಗಾಜಿನ ಆಚೆಯಿಂದಲೇ ಕಂಡು, ಒಂದು ರಿಟರ್ನ್ ಪಂಪ್ ಹಾಕ್ಸಮ್ಮ, ಎಷ್ಟು ದಿನ ಕೈಯಲ್ಲಿ ಎತ್ತೀಯ, ಡಿ.ಸಿ.ದೇ ತಗೋ ಅಂದೆ. ಕೆಳಗಿಂದ ಮೇಲಕ್ಕೆ ವಾಪಸ್ ಕಳಿಸೋದಕ್ಕೆ ರಿಟರ್ನ್ ಪಂಪ್ ಅಂತಾರೆ ಅನ್ನೋದು ನನಗೆ ಅವತ್ತೇ ತಿಳಿದದ್ದು.

ತಗೊಳ್ಳೋಕೆ ಭಯ ಕಣೋ. ನೀರಿಗೆ ಮತ್ತೆ ಕರೆಂಟು ಬಿಡೋದು ಹೇಗೆ? ಆ ಬೆಳಿಗ್ಗೆ ಕಣ್ಣ ಮುಂದೆಯೇ ಇದೆ. ನೀನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. ನಾನು ಕಾಂಪೌಂಡಿನಲ್ಲಿ ದಾಸವಾಳ ಕೀಳುತ್ತಿದ್ದೆ. ರಾಣಿ ನೆಲ ಒರೆಸಿ, ಬರಿಗಾಲಲ್ಲಿ ಟ್ಯಾಂಕಿನ ಹತ್ತಿರ ಹೋದಳು. ಅತ್ತೆ, ನೀರಲ್ಲಿ ಹೂವು ಕೊಳೀತಿದೆ, ತೆಗೆದುಬಿಡ್ತೀನಿ ಅಂದದ್ದು ಕಿಟಕಿಯಿಂದ ಕೇಳಿಸಿತು. ಆಮೇಲೆ ಬಕೆಟ್ಟು ಉರುಳಿದ ಸದ್ದು, ಅಷ್ಟೇ. ಅವಳ ಮುಷ್ಟಿ ಬಿಡಿಸಿದಾಗ ಚೆಂಡುಹೂವಿನ ಎಸಳು ಇತ್ತು. ಇಪ್ಪತ್ತನಾಲ್ಕು ವರ್ಷದ ಹುಡುಗಿ. ನಾನು ಕೂಗಿದ ಕೂಗಿಗೆ ನೀನು ಎದ್ದು ಬಂದು ಮೊದಲು ಮೈನ್ ಸ್ವಿಚ್ಚು ಆರಿಸಿದೆ, ಆಮೇಲೆ ಅವಳನ್ನು ಎತ್ತಿಕೊಂಡೆ. ಅದನ್ನೂ ಪೊಲೀಸರು ಬರೆದಿದ್ದಾರೆ ಮಗಾ. ಹೆಂಡತಿ ಬಿದ್ದಿದ್ದರೂ ಮೊದಲು ಸ್ವಿಚ್ಚಿನ ಕಡೆ ಹೋದ, ಇವನಿಗೆ ಮೊದಲೇ ಗೊತ್ತಿತ್ತು ಅಂತ.

ನೋಡು, ಬರೆಯಲ್ಲ ಅಂದವಳು ಕೇಸಿಗೇ ಬಂದುಬಿಟ್ಟೆ. ಬಂದದ್ದು ಬಂದೆ, ಬರೆದುಬಿಡ್ತೀನಿ. ಚಾರ್ಜ್‌ಶೀಟನ್ನು ಸಿದ್ದರಾಜು ಅವರು ಆನೇಕಲ್ಲಿನ ಆಫೀಸಿನಲ್ಲಿ ನನ್ನನ್ನು ಕೂರಿಸಿ ಸಾಲು ಸಾಲಾಗಿ ಓದಿ ಹೇಳಿದರು. ದಸರಾ ಹಬ್ಬದ ಹಿಂದಿನ ವಾರ ನೀವಿಬ್ಬರೂ ಜಗಳ ಆಡಿದ್ದು ಬೀದಿಗೆಲ್ಲ ಕೇಳಿತ್ತಂತೆ. ಕೇಳಿತ್ತು, ಇಲ್ಲ ಅನ್ನೋ ಹಾಗಿಲ್ಲ. ಅವಳು ಪೀಣ್ಯದ ಗಾರ್ಮೆಂಟ್ಸಿಗೆ ವಾಪಸ್ ಕೆಲಸಕ್ಕೆ ಹೋಗ್ತೀನಿ ಅಂದಳು, ನೀನು ಬೇಡ ಅಂದೆ, ಅವಳು ಟಿ. ದಾಸರಹಳ್ಳಿಗೆ ಹೋಗಿ ಅಪ್ಪನ ಮನೆಯಲ್ಲಿ ಮೂರು ದಿನ ಕೂತಳು, ಬೈರಪ್ಪನೇ ಕರಕೊಂಡು ಬಂದು ಬಿಟ್ಟು ಹೋದರು. ಈಗ ಅದೇ ಬೈರಪ್ಪ ನನ್ನ ಮಗಳನ್ನು ಇವನೇ ಕೊಂದ ಅಂತ ಬರೆದುಕೊಟ್ಟಿದ್ದಾರೆ. ನಾನು ಅವರನ್ನು ಬೈಯಲ್ಲ. ಮಗಳನ್ನು ಮಣ್ಣು ಮಾಡಿದ ಅಪ್ಪ ಏನು ತಾನೇ ಬರೆಯಲ್ಲ.

ಆದರೆ ಕೇಸು ನಿಂತಿರೋದು ಜಗಳದ ಮೇಲಲ್ಲವಂತೆ, ಎರಡು ವಿಷಯದ ಮೇಲೆ ಅಂತ ಸಿದ್ದರಾಜು ಅವರು ಬೆರಳು ಮಡಚಿ ಹೇಳಿದರು. ಒಂದು, ಮೋಟರಿಗೆ ವೈರು ಸೇರೋ ಕಡೆ ಜೋರಾಗಿ ಎಳೆದು ಬಾಯಿ ಬಿಡಿಸಿದ್ದಾರೆ, ಅಲ್ಲಿಂದ ನೀರಿಗೆ ಕರೆಂಟು ಹೋಗಿದೆ. ಎರಡು, ಹೊಸ ಬೋರ್ಡಿನಲ್ಲಿ ಟ್ರಿಪ್ ಸ್ವಿಚ್ಚು ಇದೆ, ಕರೆಂಟು ಸೋರಿದರೆ ತಾನಾಗೇ ಬೀಳುತ್ತೆ. ಆದರೆ ಪ್ಲಗ್ಗು ಅಲ್ಲಿರಲಿಲ್ಲ, ದೇವರ ಕೋಣೆ ಗೋಡೆಯ ಹಳೇ ಬೋರ್ಡಿನಲ್ಲಿತ್ತು. ಅಲ್ಲಿ ಟ್ರಿಪ್ಪು ಇಲ್ಲ. ಲೋಕೇಶ್ ಫ್ಯಾಕ್ಟರಿಯಲ್ಲಿ ಕರೆಂಟ್ ಕೆಲಸ ಮಾಡೋನು, ಗೊತ್ತಿದ್ದವನೇ ಬೇಕಂತ ಮಾಡಿರೋದು, ಅಂತ ಅವರ ಮಾತು. ಸಿದ್ದರಾಜು ಅವರು ಕನ್ನಡಕ ತೆಗೆದಿಟ್ಟು, ಅಮ್ಮಾ, ಈ ಎರಡಕ್ಕೂ ನಮ್ಮ ಹತ್ರ ಉತ್ತರ ಇಲ್ಲ, ನಿಮ್ಮ ಮಗನ್ನ ಕೇಳಿದ್ರೆ ನಾನು ಮಾಡಿಲ್ಲ ಅಂತಾನೆ, ಮತ್ತಿನ್ಯಾರಪ್ಪ ಅಂದ್ರೆ ಗೊತ್ತಿಲ್ಲ ಅಂತ ತಲೆ ಬಗ್ಗಿಸ್ತಾನೆ, ಇಪ್ಪತ್ತೊಂಬತ್ತಕ್ಕೆ ಜಾಮೀನಿನ ಅರ್ಜಿ ಬರುತ್ತೆ, ಇಂಗೇ ಆದ್ರೆ ಸಿಗೋದು ಕಷ್ಟ ಅಂದರು. ನಾನು ನೀರು ಕೇಳಿ ಕುಡಿದು ಎದ್ದು ಬಂದೆ. ಅವತ್ತು ಜೀಪು ಹತ್ತೋವಾಗ ನೀನು ನನ್ನ ಕಿವಿಯ ಹತ್ತಿರ ಬಗ್ಗಿ, ಅಮ್ಮಾ, ಮೋಟರ್ ವಿಷಯ ಯಾರು ಕೇಳಿದ್ರೂ ನಿಂಗೇನೂ ಗೊತ್ತಿಲ್ಲ, ತಿಳೀತಾ ಅಂದಿದ್ದೆಯಲ್ಲ. ಅದನ್ನೇ ಹಿಡಿದುಕೊಂಡು ಕೂತಿದ್ದೆ.

ಆನೇಕಲ್ಲಿಂದ ಬಂದ ಮಾರನೇ ದಿನ ಮೋಟರಿಗೆ ಹೊರಟೆ. ಮನೆಯಲ್ಲಿ ಕೂತರೆ ತಲೆ ಒಡೆದುಹೋಗುವ ಹಾಗಿತ್ತು. ಆನೇಕಲ್ ರಸ್ತೆಯಲ್ಲಿ ಮೀನಿನ ಅಂಗಡಿ ಇಟ್ಟಿರೋ ದೇವರಾಜ್ ಗೊತ್ತಲ್ಲ, ಮೊದಲು ಪೀಣ್ಯದಲ್ಲಿ ಮೋಟರ್ ವೈಂಡಿಂಗ್ ಮಾಡ್ತಿದ್ದವರು, ನೀನು ಅವರ ಹತ್ತಿರವೇ ಗಾಜು ತಂದಿದ್ದು. ನನ್ನನ್ನು ಕಂಡ ಕೂಡಲೇ ಅವರ ಮುಖ ಸಣ್ಣದಾಯಿತು. ಊರಿಗೆಲ್ಲ ಗೊತ್ತಿರೋ ವಿಷಯ. ಸ್ಟೂಲು ಹಾಕಿ ಕೂರಿಸಿದರು. ನಾನು ನಾಚಿಕೆ ಬಿಟ್ಟು, ದೊಡ್ಡದೇ ಕೊಡಪ್ಪಾ, ಕೆಡದೇ ಇರೋದು ಅಂದೆ. ಬೋರಿಗೆ ನಾವು ಹಾಗೇ ಅಲ್ಲವಾ ಕೇಳ್ತಿದ್ದದ್ದು, ಆಳ ಜಾಸ್ತಿ ಇದ್ದರೆ ಎಚ್.ಪಿ. ಜಾಸ್ತಿ. ಅವರು ನಕ್ಕುಬಿಟ್ಟರು. ಅಕ್ಕಾ, ನೀವು ಕೇಳೋದು ತೆಂಗಿನ ತೋಟಕ್ಕೆ, ಮೀನು ಗೋಡೆಗೆ ಹೋಗಿ ಅಂಟ್ಕೊಂಡ್ಬಿಡ್ತವೆ ಅಂದರು. ಟ್ಯಾಂಕಿಗೆ ಎಷ್ಟು ನೀರು ಹಿಡೀತದೆ ಅಂತ ಕೇಳಿದರು. ಹದಿನೈದು ಬಿಂದಿಗೆ ಅಂದೆ. ಎತ್ತರ? ಕೆಳಗಿನ ಸಂಪಿನ ನೀರಿಂದ ಮೇಲಿನ ಅಂಚಿಗೆ ಮೂರು ಮೊಳ. ಮೂರೂವರೆ ತಿಂಗಳು ಆ ಎತ್ತರಕ್ಕೆ ಎತ್ತಿದವಳು ನಾನು, ಟೇಪು ಬೇಕಾ? ಇನ್ನೂರು ಲೀಟರು, ನಾಲ್ಕೂವರೆ ಅಡಿ ಅಂತ ಅವರು ಬರೆದುಕೊಂಡರು.

ಆಮೇಲೆ ಅವರು ಹೇಳಿದ್ದು ನನಗೆ ಅರ್ಥ ಆದಷ್ಟು ಬರೀತೀನಿ, ತಪ್ಪಿದ್ದರೆ ನೀನು ತಿದ್ದು. ಡಬ್ಬದ ಮೇಲೆ ಗಂಟೆಗೆ ಇಷ್ಟು ಲೀಟರು ಅಂತ ಬರೆದಿರೋದು ನೀರನ್ನು ಎತ್ತದೆ ಇದ್ದ ಜಾಗದಲ್ಲೇ ದೂಡಿದರೆ ಬರೋ ಲೆಕ್ಕವಂತೆ. ಮೇಲಕ್ಕೆ ಏರಿಸಿದಷ್ಟೂ ನೀರು ಕಮ್ಮಿ. ಎರಡು ಸಾವಿರ ಬರೆದಿದ್ದರೆ ನಮ್ಮ ಮೂರು ಮೊಳಕ್ಕೆ ಸಾವಿರ ಬಂದರೆ ಹೆಚ್ಚು, ಕೊಳವೆಯ ತಿರುವಿನಲ್ಲಿ ಇನ್ನಷ್ಟು ಹೋಗುತ್ತೆ. ಟ್ಯಾಂಕಿನ ನೀರೆಲ್ಲ ಗಂಟೆಗೆ ನಾಲ್ಕು ಸಲ ಸುತ್ತಿ ಬಂದರೆ ಸಾಕು. ಅದಕ್ಕಿಂತ ದೊಡ್ಡದು ಹಾಕಿದರೆ ಇಳಿಯೋ ಕೊಳವೆ ತಡೆಯದೆ ಮೇಲೆ ತುಂಬಿ ನೆಲಕ್ಕೆ ಬರುತ್ತೆ, ಇಲ್ಲಾ ಕೆಳಗೆ ಸಂಪು ಬರಿದಾಗಿ ಮೋಟರು ಒಣಗಿ ಸುಟ್ಟುಹೋಗುತ್ತೆ. ಕರೆಂಟು ಹೋದಾಗ ಮೇಲಿನ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಇಳಿಯುತ್ತಂತೆ, ಅದಕ್ಕೆ ಸಂಪಿನಲ್ಲಿ ಜಾಗ ಖಾಲಿ ಬಿಡಬೇಕು. ನೀನು ಕೊಳವೆಯ ತುದಿಯಲ್ಲಿ ಸೂಜಿಯಷ್ಟು ತೂತು ಬಿಟ್ಟಿದ್ದೆಯಲ್ಲ, ನಾನು ಸೋರ್ತಿದೆ ಅಂತ ಅದಕ್ಕೆ ಮೇಣ ಮೆತ್ತೋಕೆ ಹೋಗಿದ್ದೆ. ಅದು ಇರೋದೇ ಗಾಳಿ ಎಳೆದು ಆ ಇಳಿಯೋ ನೀರನ್ನು ನಿಲ್ಲಿಸೋಕೆ ಅಂತ ಈಗ ತಿಳೀತು. ನೀನು ಎಲ್ಲದಕ್ಕೂ ಒಂದು ಯೋಚನೆ ಇಟ್ಟಿರ್ತೀಯ. ನಮಗೆ ತಿಳಿಯಲ್ಲ.

ಕೊನೆಗೆ ನೀನು ಹೇಳಿದ ಡಿ.ಸಿ. ಜಾತಿಯದನ್ನೇ ತೆಗೆದುಕೊಟ್ಟರು. ಅಂಗೈಯಲ್ಲಿ ಹಿಡಿಸೋ ಅಷ್ಟು. ಗೋಡೆಯ ಕರೆಂಟು ಒಂದು ಕಪ್ಪು ಡಬ್ಬಿಗೆ ಬಂದು, ಅಲ್ಲಿ ಇಪ್ಪತ್ತನಾಲ್ಕು ವೋಲ್ಟಿಗೆ ಇಳಿದು, ಆಮೇಲೆ ನೀರಿಗೆ ಹೋಗುತ್ತೆ. ಡಬ್ಬಿಯನ್ನು ನೀರಿಂದ ದೂರ, ಎತ್ತರದಲ್ಲಿ ಇಡಬೇಕು. ವೈರು ಒಂದು ಕಡೆ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಹೋಗೋ ಹಾಗೆ ಬಿಡಬೇಕು, ವೈರಿನ ಮೇಲೆ ಇಳಿದ ಹನಿ ಅಲ್ಲೇ ತೊಟ್ಟಿಕ್ಕಲಿ, ಪ್ಲಗ್ಗಿಗೆ ಹೋಗಬಾರದು ಅಂತ. ಇದು ಸಾಯ್ಸೋ ಕರೆಂಟಲ್ಲ ಅಕ್ಕಾ, ಧೈರ್ಯವಾಗಿ ಇಡಿ ಅಂದರು. ಸಾಯ್ಸೋ ಅಂದಮೇಲೆ ನಾಲಿಗೆ ಕಚ್ಚಿಕೊಂಡರು, ಪಾಪ. ಚೀಲಕ್ಕೆ ಹಾಕಿ ಕೊಡುವಾಗ ಇನ್ನೊಂದು ಮಾತು ಹೇಳಿದರು. ತೊಳೆಯೋಕೆ ಅಂತ ತೆಗೆಯುವಾಗ ಮೋಟರಿನ ಮೈ ಹಿಡಿದು ಎತ್ತಿ, ವೈರು ಹಿಡಿದು ಎಳೀಬೇಡಿ. ಎಳೆದರೆ ಏನಾಗುತ್ತೆ ಅಂತ ಕೇಳಿದೆ. ವೈರು ಒಳಕ್ಕೆ ಹೋಗೋ ಕಡೆ ಅಂಟು ಹಾಕಿರ್ತಾರೆ, ಅದು ಬಾಯಿ ಬಿಡುತ್ತೆ, ಕಣ್ಣಿಗೆ ಕಾಣಲ್ಲ, ನೀರು ಒಳಗೆ ಹೋಗುತ್ತೆ ಅಂದರು. ಆಮೇಲೆ? ಆಮೇಲೆ ಟ್ರಿಪ್ಪು ಬೀಳುತ್ತೆ ಅಕ್ಕಾ, ಎತ್ತಿದಷ್ಟೂ ಬೀಳುತ್ತೆ, ಬೀಳ್ತಿದೆ ಅಂದ್ರೆ ಮೋಟರ್ ಕೆಟ್ಟೋಗಿದೆ ಅಂತ ಅರ್ಥ, ಕೈಬಿಡಬೇಕು.

ನಾನು ಸ್ಟೂಲಿನ ಮೇಲೆ ಮತ್ತೆ ಕೂತೆ. ನಿಮ್ಮಪ್ಪ ನೆನಪಾದರು. ಬೋರ್ ಮೋಟರ್ ಎತ್ತಿಸುವ ದಿನ ಅವರು ಬಾಯಿ ಹರಿಯೋ ಹಾಗೆ ಕೂಗ್ತಿದ್ದರು, ಹಗ್ಗ ಹಿಡೀರೋ, ಪೈಪ್ ಹಿಡೀರೋ, ಕೇಬಲ್ ಮುಟ್ಟಿದರೆ ಕೈ ಮುರೀತೀನಿ ಅಂತ. ಇಪ್ಪತ್ತು ವರ್ಷ ಅದನ್ನು ಕೇಳಿದ ಕಿವಿ ನನ್ನದು. ಅಂಗೈಯಗಲದ ಮೋಟರಿಗೂ ಅದೇ ಮಾತು ಅಂತ ಹೊಳೆಯಲೇ ಇಲ್ಲ. ದೇವರಾಜ್ ಮಜ್ಜಿಗೆ ತರಿಸಿದರು. ಬೇಡ ಅಂದು ಬಂದೆ.

ನೆನ್ನೆ ಭಾನುವಾರ, ಗೌರಿಗೆ ರಜೆ. ಅವಳೇ ಕೂತು ಜೋಡಿಸಿದಳು. ಡಬ್ಬಿಯನ್ನು ಗೋಡೆಗೆ ಎತ್ತರದಲ್ಲಿ ಬಿಗಿದು, ಹೊಸ ಬೋರ್ಡಿಗೇ ಪ್ಲಗ್ಗು ಹಾಕಿ, ಟ್ರಿಪ್ ಸ್ವಿಚ್ಚನ್ನು ಬೇಕಂತ ಒತ್ತಿ ಬೀಳಿಸಿ ನೋಡಿ ಮತ್ತೆ ಎತ್ತಿದಳು. ನಾನು ಮೋಟರಿಗೆ ಕುಂಕುಮ ಇಡಲಿಲ್ಲ. ಊದುಬತ್ತಿ ಕೂಡ ಬೆಳಗಲಿಲ್ಲ. ಆಂಟಿ, ಹೊಸ ವಸ್ತು, ಪೂಜೆ ಮಾಡಲ್ವಾ ಅಂತ ಗೌರಿ ಕೇಳಿದಳು. ಇಲ್ಲಮ್ಮ ಅಂದೆ. ಸ್ವಿಚ್ಚು ಹಾಕಿದ ಮೇಲೆ ಸದ್ದೇ ಇಲ್ಲ, ನೀರು ಮಾತ್ರ ಮೇಲೆ ಬಂದು ಸಣ್ಣದಾಗಿ ಬೀಳೋಕೆ ಶುರುವಾಯಿತು. ಮೂಗುತಿ ಆ ಬೀಳೋ ನೀರಿನ ಕೆಳಗೆ ಬಂದು ನಿಂತಿತು. ನಾನು ಚಪ್ಪಲಿ ಬಿಟ್ಟು, ನೆಲಕ್ಕೆ ಒಂದು ಚೊಂಬು ನೀರು ಹುಯ್ದು, ಅದರಲ್ಲಿ ಬರಿಗಾಲಲ್ಲಿ ನಿಂತು, ಮೊಣಕೈವರೆಗೆ ಟ್ಯಾಂಕಿಗೆ ಕೈ ಹಾಕಿದೆ. ಆಂಟಿ, ಏನ್ ಮಾಡ್ತಿದೀರಾ, ತೆಗೀರಿ, ತೆಗೀರಿ ಅಂತ ಗೌರಿ ಚೀರಿದಳು. ಏನೂ ಆಗಲಿಲ್ಲ. ನೀರು ತಣ್ಣಗಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಗೌರಿ ಅಳುತ್ತಾ ಮೇಲೆ ಹೋದಳು. ಅವಳನ್ನು ಹೆದರಿಸಿದ್ದು ತಪ್ಪಾಯಿತು.

ಇಷ್ಟೇ ಸಮಾಚಾರ. ಮೀನಿನ ಚಿಂತೆ ಬಿಡು, ನೀರು ಓಡ್ತಾ ಇದೆ. ನಿನ್ನ ಬೂದು ಬಣ್ಣದ ಸ್ವೆಟರು ಒಗೆದು ಇಟ್ಟಿದ್ದೀನಿ, ಮುಂದಿನ ಭೇಟಿಗೆ ಕಳಿಸ್ತೀನಿ, ಬಿಡ್ತಾರೋ ನೋಡಬೇಕು. ಊಟ ಬಿಡಬೇಡ. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಬೆಳಿಗ್ಗೆ ಎದ್ದು ಪೂರ್ವಕ್ಕೆ ತಿರುಗಿ ಒಂದು ನಮಸ್ಕಾರ ಹಾಕು, ಕಿಟಕಿ ಇಲ್ಲದಿದ್ದರೂ ಸರಿ, ಅವನಿಗೆ ಕಾಣುತ್ತೆ. ನಿನ್ನ ಬದುಕು ಬೆಳಕಿಗೆ ಬರಲಿ.

ಇಂತಿ ನಿನ್ನ ಹೆತ್ತವಳು,
ಸುಬ್ಬಲಕ್ಷ್ಮಮ್ಮ

ತಾ.ಕ.: ಕವರು ಅಂಟಿಸೋಕೆ ಅನ್ನದ ಅಗುಳು ತರೋಣ ಅಂತ ಎದ್ದವಳು ಮತ್ತೆ ಬಂದು ಕೂತೆ. ಬರೀಬೇಕಾದ್ದನ್ನೇ ಬರೆದಿಲ್ಲ. ಇದನ್ನೂ ಓದಿಕೋ.

ಆಯುಧಪೂಜೆಯ ದಿನ ನೀನು ಫ್ಯಾಕ್ಟರಿ ಪೂಜೆಗೆ ಹೋಗಿದ್ದೆ. ನಾನು ಮಿಕ್ಸಿ, ಗ್ರೈಂಡರು, ನಿನ್ನ ಗಾಡಿ, ಬೋರಿನ ಸ್ಟಾರ್ಟರ್ ಡಬ್ಬ ಎಲ್ಲ ತೊಳೆದು ವಿಭೂತಿ ಬಳಿದೆ. ಹಗಲೂ ರಾತ್ರಿ ದುಡಿಯೋದು ಮೀನಿನ ಮೋಟರು, ಅದನ್ನು ಹೇಗೆ ಬಿಡೋದು ಅಂದೆ. ರಾಣಿ ಮಾವಿನೆಲೆ ಕಟ್ತಾ ಇದ್ದವಳು ನಕ್ಕಳು, ಹಂಗಾದ್ರೆ ಮೀನಿಗೂ ಒಂದೊಂದು ಬೊಟ್ಟು ಇಟ್ಬಿಡಿ ಅತ್ತೆ ಅಂದಳು. ಆಮೇಲೆ, ಅದು ಬೇಡ ಅತ್ತೆ, ಅವರೇ ಬಂದು ತೆಗೀಲಿ ಅಂದಳು. ನಾನು ಕೇಳಲಿಲ್ಲ. ಮೋಟರಿನ ರಬ್ಬರ್ ಕಾಲು ಗಾಜಿಗೆ ಕಚ್ಚಿಕೊಂಡಿತ್ತು. ವೈರನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಬಾವಿಯಿಂದ ಕೊಡ ಎಳೆದ ಹಾಗೆ ಎಳೆದೆ. ಟಕ್ ಅಂತ ಬಂತು. ಹುಣಸೆಹಣ್ಣು ಹಾಕಿ ಉಜ್ಜಿ, ವಿಭೂತಿ ಕುಂಕುಮ ಇಟ್ಟು, ನಿಂಬೆಹಣ್ಣು ನಿವಾಳಿಸಿ, ಒರೆಸಿ ಮತ್ತೆ ನೀರಿಗೆ ಬಿಟ್ಟೆ. ಟ್ಯಾಂಕಿನ ಮೇಲೆ ಚೆಂಡುಹೂವಿನ ಹಾರ ಹಾಕಿದ್ದೂ ನಾನೇ. ಅದರ ಎಸಳೇ ಅವಳ ಮುಷ್ಟಿಯಲ್ಲಿ ಇದ್ದದ್ದು.

ಸಾಯಂಕಾಲ ಟ್ರಿಪ್ಪು ಬಿತ್ತು. ಎತ್ತಿದೆ, ಬಿತ್ತು. ಮೂರು ಸಲ. ನೀನು ಪೂಜೆ ಮುಗಿಸಿ ಹಾಗೇ ಪಾಳಿಗೆ ನಿಂತಿದ್ದೆ. ಹಬ್ಬದ ದಿನ ಮೀನು ಸಾಯಬಾರದು ಅಂತ ಪ್ಲಗ್ಗು ಕಿತ್ತು ದೇವರ ಕೋಣೆ ಗೋಡೆಗೆ ಹಾಕಿದೆ. ಓಡಿತು. ನೋಡೇ ರಾಣಿ, ಮುನೇಶ್ವರ ಓಡಿಸಿದ ಅಂದೆ ಕಣೋ. ಈ ಬಾಯಲ್ಲೇ ಅಂದೆ. ಬೆಳಿಗ್ಗೆ ಅವರಿಗೆ ಹೇಳ್ಬೇಕು ಅಂದಳು ಅವಳು. ಬೆಳಿಗ್ಗೆ ವಿಜಯದಶಮಿ, ನೆಂಟರು, ಬನ್ನಿ ಸೊಪ್ಪು ಕೊಡೋಕೆ ಬಂದೋರು. ಮರೆತೆವು. ಅದಾಗಿ ಎರಡು ದಿನಕ್ಕೆ ಅವಳಿಲ್ಲ.

ಪ್ಲಗ್ಗು ಬದಲಿಸಿದ್ದು ನನಗೆ ಮೊದಲಿಂದ ಗೊತ್ತಿತ್ತು. ಅದು ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ಪ್ಲಗ್ಗು ಎಲ್ಲಿದ್ದರೇನು ಅಂದುಕೊಂಡೆ. ನೀನು ಬಾಯಿ ಮುಚ್ಚಿಕೋ ಅಂದದ್ದು ಹೆಣ್ಣುಹೆಂಗಸು ಸ್ಟೇಷನ್ ಮೆಟ್ಟಿಲು ಹತ್ತದಿರಲಿ ಅಂತ ತಿಳಿದೆ. ಪೊಲೀಸರು ಕೇಳಿದಾಗ ಏನೂ ಗೊತ್ತಿಲ್ಲ ಅಂತ ಹೇಳಿ ಸೈ ಹಾಕಿದೆ. ಈಗ ತಿಳೀತು. ಮೈನ್ ಆರಿಸೋಕೆ ಹೋದವನು ಹಳೇ ಬೋರ್ಡಿನಲ್ಲಿ ಪ್ಲಗ್ಗು ಕಂಡೆ, ಕಂಡ ಕ್ಷಣವೇ ಯಾರ ಕೈ ಅಂತ ನಿನಗೆ ಗೊತ್ತಾಯಿತು. ಗೊತ್ತಿದ್ದೂ ಮೂರೂವರೆ ತಿಂಗಳು ಹೆಂಡತಿಯನ್ನು ಕೊಂದವನು ಅನ್ನಿಸಿಕೊಂಡು, ಅಲ್ಲಿ ಮೈ ಕೆರೆದುಕೊಂಡು ಕೂತಿದ್ದೀಯ. ನಾನು ಇಲ್ಲಿ ನಿನ್ನ ಬಿಡುಗಡೆಗೆ ಹರಕೆ ಹೊತ್ತುಕೊಂಡು ತಿರುಗ್ತಿದ್ದೆ.

ಇವತ್ತು ಬೆಳಿಗ್ಗೆ ಮಾರಮ್ಮನ ಗುಡಿಗೆ ಹೂ ಕೇಳೋಕೆ ಹೋದೆ, ಹೇಳಲಾ ಬೇಡವಾ ಅಂತ. ಪೂಜಾರಿ ಹೂ ಇಟ್ಟರು. ಬಲಕ್ಕೆ ಬೀಳುತ್ತೋ ಎಡಕ್ಕೆ ಬೀಳುತ್ತೋ ನೋಡದೆ ಎದ್ದು ಬಂದೆ. ಗೊತ್ತಿರೋದನ್ನು ದೇವರ ಹತ್ತಿರ ಕೇಳಬಾರದು.

ನಾಳೆ ಮೊದಲ ಬಸ್ಸಿಗೆ ಹೊರಡ್ತೀನಿ, ಬಸ್ ಸ್ಟ್ಯಾಂಡಿನ ಹತ್ತಿರ ಈ ಕಾಗದ ಅಂಚೆ ಡಬ್ಬಿಗೆ ಹಾಕ್ತೀನಿ. ಮೊದಲು ದಾಸರಹಳ್ಳಿಗೆ, ಬೈರಪ್ಪನ ಮನೆಗೆ. ಬಾಗಿಲು ತೆಗೆಯದಿದ್ದರೆ ಬೀದಿಯಲ್ಲೇ ನಿಂತು ಹೇಳ್ತೀನಿ. ಮಗಳನ್ನು ಗಂಡ ಕೊಂದ ಅಂತ ಅವರು ಸಾಯೋವರೆಗೂ ನಂಬಿಕೊಂಡಿರಬಾರದು. ಹೊಡೆದರೆ ಹೊಡೆಸಿಕೊಳ್ತೀನಿ. ಅಲ್ಲಿಂದ ಆನೇಕಲ್ಲಿಗೆ ಬಂದು ಸಿದ್ದರಾಜು ಅವರಿಗೆ ಹೇಳಿ, ಅವರ ಜೊತೆಗೇ ಸ್ಟೇಷನ್ನಿಗೆ ಹೋಗ್ತೀನಿ. ನೀನು ಇಲ್ಲ ಅನ್ನಬೇಡ. ಅಮ್ಮ ನನ್ನನ್ನು ಬಿಡಿಸೋಕೆ ಸುಳ್ಳು ಹೇಳ್ತಿದ್ದಾಳೆ ಅಂತ ಹೇಳಿದೆಯೋ, ರಾಣಿಯಾಣೆ, ನಿನ್ನ ಮುಖ ನೋಡಲ್ಲ.

ಈ ಕಾಗದ ಒಡೆದು ಓದುವ ಸಾಹೇಬರಿಗೆ ನಮಸ್ಕಾರ. ವೈರು ಎಳೆದದ್ದು ನಾನು, ಪ್ಲಗ್ಗು ಬದಲಿಸಿದ್ದು ನಾನು, ನಲ್ಲಪ್ಪನವರ ಹೆಂಡತಿ ಸುಬ್ಬಲಕ್ಷ್ಮಮ್ಮ. ಸ್ವಂತ ಅಕ್ಷರದಲ್ಲಿ ಬರೆದಿದ್ದೀನಿ. ಬೇಕಾದರೆ ಇದನ್ನೇ ಇಟ್ಟುಕೊಳ್ಳಿ. ನನ್ನ ಮಗನಿಗೆ ಓದಿ ಹೇಳಿದರೆ ಸಾಕು.

ಮೀನಿಗೆ ಹಾಕೋಕೆ ಗೌರಿಯ ಕೈಗೆ ಬೀಗದ ಕೈ ಕೊಟ್ಟಿದ್ದೀನಿ. ಬೆಳಿಗ್ಗೆ ಒಂದು ಚಿಟಿಕೆ, ಸಾಯಂಕಾಲ ಒಂದು ಚಿಟಿಕೆ. ಮೋಟರ್ ಎತ್ತೋದಿದ್ದರೆ ಮೈ ಹಿಡಿದು ಎತ್ತು ಅಂತ ಹೇಳಿದ್ದೀನಿ.